ಕಾಲು ಹೆದರುತ್ತೆ!

ಕಪಿತೊಲಿನಾ ಯೆಗೊರೊವ್ನಾಗೆ ಈ ಊರು ಹನ್ನೊಂದು ತಿಂಗಳ ಸಂಬಳ ಬಾಕಿ ಇಟ್ಟುಕೊಂಡಿದೆ. ಆ ದುಡ್ಡಿನ ಆಸೆಯನ್ನು ಅವಳು ಎಂದೋ ಬಿಟ್ಟಳು. ತೊಂಬತ್ತರ ದಶಕದಲ್ಲಿ ಯಾರಿಗೆ ಬಾಕಿ ಇರಲಿಲ್ಲ? ಟ್ರ್ಯಾಕ್ಟರ್ ಕಾರ್ಖಾನೆಯವರಿಗೆ ಸಂಬಳದ ಬದಲು ಬಾಣಲೆ ಕೊಟ್ಟರು. ಬಟ್ಟೆ ಗಿರಣಿಯವರಿಗೆ ಟವೆಲು ಕೊಟ್ಟರು. ನಾಟಕದವರಿಗೆ ಕೊಡಲು ಏನೂ ಸಿಗದೆ, ತಾಳ್ಮೆಯಿಂದಿರಿ ಎಂದು ಉಪದೇಶ ಕೊಟ್ಟರು. ಹೋಗಲಿ. ಆದರೆ ಊರು ಅವಳಿಗೆ ಇನ್ನೊಂದು ಬಾಕಿ ಇಟ್ಟಿದೆ. ಒಂದು ಉತ್ತರ. ತುಂಬಿದ ಸಭೆಯಲ್ಲಿ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಅವಳೊಂದು ಪ್ರಶ್ನೆ ಕೇಳಿದಳು. ಚಪ್ಪಾಳೆ ಸಿಕ್ಕಿತು, ಹೂವು ಸಿಕ್ಕಿತು, ಕೈಗೆ ಮುತ್ತೂ ಸಿಕ್ಕಿತು. ಉತ್ತರ ಸಿಗಲಿಲ್ಲ. ಅದನ್ನು ಮಾತ್ರ ಅವಳು ಬಿಟ್ಟುಕೊಟ್ಟಿಲ್ಲ.

ಅವಳನ್ನು ಮೊದಲ ಸಲ ನೋಡಿದವರ ಕಣ್ಣು ಬೀಳುವುದು ಅವಳ ಎತ್ತರದ ಮೇಲೆ. ಎತ್ತರ ಅನ್ನುವುದು ಮರ್ಯಾದೆಯ ಮಾತು. ನಾಲ್ಕನೇ ತರಗತಿಯ ಮಕ್ಕಳ ಸಾಲಿನಲ್ಲಿ ನಿಲ್ಲಿಸಿದರೆ ಹುಡುಕಿ ತೆಗೆಯಬೇಕು. ವೋಲ್ಗಾದ ಆಚೆ ದಡದ ಹಳ್ಳಿಯಲ್ಲಿ, ದೋಣಿಗಳಿಗೆ ಟಾರು ಬಳಿಯುವವನ ಮಗಳಾಗಿ ಹುಟ್ಟಿದಳು. ಹತ್ತೊಂಬತ್ತಕ್ಕೆ ನಾಟಕ ಶಾಲೆಯ ಪರೀಕ್ಷೆಗೆ ಬಂದಾಗ ತಲೆಯ ತುಂಬ ರಾಣಿಯರಿದ್ದರು. ಗಂಡನಿಗೆ ವಿಷ ಹಾಕುವ ರಾಣಿ, ಮಗನಿಗಾಗಿ ಸಿಂಹಾಸನ ಒದೆಯುವ ರಾಣಿ. ಅಂಥವಳೊಬ್ಬಳ ಉದ್ದ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದು, ಕಣ್ಣಲ್ಲಿ ನೀರು ತಂದುಕೊಂಡು ಒಪ್ಪಿಸಿದಳು. ಪರೀಕ್ಷಕರಲ್ಲಿ ವಯಸ್ಸಾದವನೊಬ್ಬ ಕೋಲಿನ ಮೇಲೆ ಗದ್ದ ಊರಿ ಕೇಳುತ್ತಿದ್ದ. ಮುಗಿದ ಮೇಲೆ, "ಮಗಾ, ಇಳಿದು ಬಾ. ಆ ಗೋಡೆಗೆ ಬೆನ್ನು ಕೊಟ್ಟು ನಿಲ್ಲು," ಅಂದ. ಅವಳ ನೆತ್ತಿಯ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದ. ಗೆರೆ ನೋಡಿದ, ತಲೆಯಾಡಿಸಿದ.

"ಟ್ರಾವೆಸ್ತಿ," ಅಂದ.

"ಹಾಗಂದ್ರೆ ಏನು?"

"ಹಾಗಂದ್ರೆ ನೀನು ಸಾಯೋತನಕ ಹುಡುಗ."

ಮಕ್ಕಳ ನಾಟಕ ಮಂದಿರಗಳಲ್ಲಿ ಹುಡುಗರ ಪಾತ್ರ ಹುಡುಗರು ಮಾಡುವುದಿಲ್ಲ. ಹುಡುಗ ಬೆಳೆಯುತ್ತಾನೆ, ಗಂಟಲು ಒಡೆಯುತ್ತದೆ, ಮೀಸೆ ಬರುತ್ತದೆ. ಅದಕ್ಕೇ ಕುಳ್ಳಗಿನ ಹೆಂಗಸನ್ನು ಹಿಡಿದು ತಂದು, ಎದೆಗೆ ಬಟ್ಟೆ ಬಿಗಿದು, ಚಡ್ಡಿ ಹಾಕಿಸುತ್ತಾರೆ. ಹುಡುಗ ಬೇಡವಾದರೆ ಮೊಲ, ಮೊಲ ಬೇಡವಾದರೆ ನರಿಮರಿ. ಕಪಿತೊಲಿನಾ ಮೂವತ್ತಮೂರು ವರ್ಷ ಎದೆಗೆ ಬಟ್ಟೆ ಬಿಗಿದುಕೊಂಡಳು. ರಾಣಿಯರು ತಲೆಯೊಳಗೇ ಮುದುಕಿಯರಾದರು.

ಅವಳು ಸೇರಿದ್ದು ನಮ್ಮೂರಿನ ಎಳೆಯ ಪ್ರೇಕ್ಷಕರ ರಂಗಮಂದಿರಕ್ಕೆ. ಅಷ್ಟುದ್ದ ಯಾರೂ ಹೇಳುವುದಿಲ್ಲ, ಎಲ್ಲರ ಬಾಯಲ್ಲೂ ಅದು ತ್ಯೂಜ್. ಅದು ಹುಟ್ಟಿದ್ದು ಲಾಯದಲ್ಲಿ. ಕ್ರಾಂತಿಗೆ ಮೊದಲು ಸಾಹುಕಾರರ ಮಕ್ಕಳು ಕುದುರೆ ಸವಾರಿ ಕಲಿಯುತ್ತಿದ್ದ ಕಟ್ಟಡ ಅದು. ಮೂವತ್ತರ ದಶಕದ ಶುರುವಿನಲ್ಲಿ ಗುರ್ಫಿಂಕೆಲ್ ಎಂಬ ಬೋಳುತಲೆಯ, ಉಬ್ಬಸದ ಮನುಷ್ಯನಿಗೆ ಅದನ್ನು ಕೊಟ್ಟು, ಇಲ್ಲಿ ಮಕ್ಕಳಿಗೆ ನಾಟಕ ಆಡು ಎಂದರು. ಅವನು ಮೊದಲು ನಟರನ್ನು ಹುಡುಕಲಿಲ್ಲ. ಅನಾಥಾಲಯದಿಂದ ಮಕ್ಕಳನ್ನು ಕರೆತಂದು, ಇಟ್ಟಿಗೆಯ ಮೇಲೆ ಹಲಗೆ ಹಾಸಿ, ಸಾಲಾಗಿ ಕೂರಿಸಿದ. ತಾನು ಮುಂದೆ ಹೋಗಿ ಬೂಟು ಕಳಚಿ ಬರಿಗಾಲಲ್ಲಿ ನಿಂತ.

"ನನ್ನ ಹಿಮ್ಮಡಿ ಕಾಣ್ತಾ?"

"ಇಲ್ಲಾ!"

ಇನ್ನೆರಡು ಇಟ್ಟಿಗೆ ಇಡಿಸಿದ.

"ಈಗ ಕಾಣ್ತಾ?"

ಕಟ್ಟಕಡೆಯ ಸಾಲಿನ ಅತಿ ಚಿಕ್ಕ ಮಗು ಹೂಂ ಅನ್ನುವ ತನಕ ಇಟ್ಟಿಗೆ ಏರಿಸುತ್ತಲೇ ಹೋದ. ಮುಖ ಸುಳ್ಳು ಹೇಳುತ್ತದೆ, ಮಕ್ಕಳು ಮೊದಲು ನೋಡುವುದು ಕಾಲನ್ನು ಎಂಬುದು ಅವನ ಹಟ. ಓಡಿಹೋಗುವವನು ಮಾತಿಗೆ ಮೊದಲು ಹಿಮ್ಮಡಿ ಎತ್ತುತ್ತಾನೆ. ಕಳ್ಳ ಬೆರಳ ಮೇಲೆ ನಿಲ್ಲುತ್ತಾನೆ. ಕೊನೆಗೆ ಆ ಇಟ್ಟಿಗೆಯ ಅಳತೆಗೇ ನೆಲ ಕಟ್ಟಿದರು, ಒಂದೊಂದು ಸಾಲಿಗೆ ಒಂದೊಂದು ಎತ್ತರದ ಮೆಟ್ಟಿಲು. ಕುರ್ಚಿಗಳೂ ಮಕ್ಕಳ ಅಳತೆಯವು. ನಾಟಕಕ್ಕೆ ಒಪ್ಪಿಗೆ ಕೊಡಲು ಬರುವ ಪಾರ್ಟಿಯ ದೊಡ್ಡಮನುಷ್ಯರು ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂರಬೇಕಿತ್ತು. ಅದಕ್ಕೇ ನಮ್ಮ ನಾಟಕಗಳಿಗೆ ಬೇಗ ಒಪ್ಪಿಗೆ ಸಿಗೋದು ಎಂದು ಒಳಗಿನವರು ನಗುತ್ತಿದ್ದರು.

ಮೂವತ್ತೇಳರಲ್ಲಿ ಒಂದು ಬೆಳಿಗ್ಗೆ ಗುಪ್ತ ಪೊಲೀಸರು ಗುರ್ಫಿಂಕೆಲ್‌ನನ್ನು ಎತ್ತಿಕೊಂಡು ಹೋದರು. ಯಾಕೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅವತ್ತಿನ ಆಟಕ್ಕೆ ಶಾಲೆಯ ಮಕ್ಕಳು ಬಂದಾಗಿತ್ತು, ಆಡಿದರು. ಅವನ ಚಿತ್ರ ಇಳಿಸಿದರು, ಹೆಸರು ಅಳಿಸಿದರು. ಇಟ್ಟಿಗೆ ಉಳಿಯಿತು. ಯುದ್ಧದಲ್ಲಿ ಅದೇ ನೆಲದ ಮೇಲೆ ಗಾಯಾಳುಗಳನ್ನು ಮಲಗಿಸಿದರು. ಮಂಚ ನಿಲ್ಲುವುದಿಲ್ಲವಲ್ಲ ಎಂದು ಬೈದುಕೊಂಡೇ ಮಲಗಿಸಿದರು. ಆಗಲೂ ಮೆಟ್ಟಿಲು ಕೀಳುವ ಬುದ್ಧಿ ಯಾರಿಗೂ ಬರಲಿಲ್ಲ. ಅದು ಬರಲು ನಮ್ಮ ಕಾಲವೇ ಬೇಕಿತ್ತು.

ಈ ಕಥೆಯನ್ನೆಲ್ಲ ಕಪಿತೊಲಿನಾಗೆ ಹೇಳಿದವಳು ನೊನ್ನಾ ಫೆಲಿಕ್ಸೊವ್ನಾ. ತ್ಯೂಜ್‌ಗಳಲ್ಲಿ ನಟರ ಜೊತೆಗೆ ಒಬ್ಬ ಶಿಕ್ಷಕಿಯೂ ಇರುತ್ತಾಳೆ. ನಮ್ಮಲ್ಲಿ ನೊನ್ನಾ. ಸಾರಸದ ಹಾಗೆ ಉದ್ದನೆಯ ಹೆಂಗಸು, ಹರಿತ ನಾಲಗೆ. ಬಾಗಿಲಲ್ಲಿ ನಿಂತು ಹುಡುಗರ ಜೇಬಿನಿಂದ ಕವಣೆ, ಪೀಪಿ, ಸೂರ್ಯಕಾಂತಿ ಬೀಜ ಕಿತ್ತುಕೊಳ್ಳುವುದು ಅವಳ ಕೆಲಸ. ಆಟದ ಹೊತ್ತಲ್ಲಿ ಮೂಲೆಯಲ್ಲಿ ಕೂತು ಮಕ್ಕಳು ಎಲ್ಲಿ ನಕ್ಕರು, ಎಲ್ಲಿ ಕೆಮ್ಮಿದರು ಎಂದು ಗಮನಿಸುವುದು ಇನ್ನೊಂದು ಕೆಲಸ. ಆಟ ಮುಗಿದ ಮೇಲೆ ಬಣ್ಣದ ಕೋಣೆಗೆ ಬಂದು, "ಶೀತ ಆಗಿರೋದು ಮಕ್ಕಳಿಗಲ್ಲ ಕಣೇ ಕಾಪಾ, ನಿನ್ನ ಎರಡನೇ ಅಂಕಕ್ಕೆ," ಎಂದು ಕಪಿತೊಲಿನಾಳನ್ನು ಚುಚ್ಚುವಳು. ಅವರಿಬ್ಬರೂ ಬೀದಿಯಲ್ಲಿ ಜೊತೆಗೆ ಹೋದರೆ, ತಾಯಿ ಮಗನನ್ನು ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದಾಳೆ ಅನ್ನಿಸುತ್ತಿತ್ತು.

ಊರಿಗೆ ಕಪಿತೊಲಿನಾ ಗೊತ್ತಾದದ್ದು 'ಮೊಲದ ಬೂಟು' ನಾಟಕದಿಂದ. ಇಪ್ಪತ್ತಾರು ವರ್ಷ ಆಡಿದ ನಾಟಕ. ಪುಕ್ಕಲು ಮೊಲವೊಂದು ಯಾರದ್ದೋ ಬೂಟು ಹಾಕಿಕೊಂಡು ಕಾಡಿಗೆ ರಾಜನಾಗಲು ಹೊರಡುತ್ತದೆ. ತೋಳ ಎದುರಾದಾಗಲೆಲ್ಲ ಮೊಲ ಎದೆಯುಬ್ಬಿಸಿ, ಕೀಚಲು ದನಿಯಲ್ಲಿ, "ನಾನು ಹೆದರಲ್ಲ!" ಅನ್ನುತ್ತದೆ. ಆದರೆ ಬೂಟಿನೊಳಗೆ ಕಾಲು ಗಡಗಡ ನಡುಗುತ್ತಿರುತ್ತದೆ. ಕಾಲು ಕಂಡ ಮಕ್ಕಳು ಇಡೀ ಮಂದಿರ ಅದುರುವ ಹಾಗೆ ಕೂಗುತ್ತಾರೆ, "ಕಾಲು ಹೆದರುತ್ತೆ!" ನಾಟಕ ಬರೆದವನು ಮಕ್ಕಳ ಆ ಕೂಗು ಬರೆದಿರಲಿಲ್ಲ. ಮೊದಲ ಆಟದಲ್ಲಿ ಮೂರನೇ ಸಾಲಿನಲ್ಲಿದ್ದ ಒಂದು ಮಗು ತಾನಾಗಿ ಕೂಗಿತು, ಮರುದಿನ ಇನ್ನಷ್ಟು ಮಕ್ಕಳು, ಆಮೇಲೆ ಇಡೀ ಊರು. ತಾಯಿ ಕಲಿಸಿದ್ದನ್ನು ಮಗಳು ಕೂಗಿದಳು. ಆ ಕಾಲಿನ ನಡುಕಕ್ಕಾಗಿ ಕಪಿತೊಲಿನಾ ಒಂದು ಚಳಿಗಾಲವಿಡೀ ಮಾರುಕಟ್ಟೆಯ ಪಂಜರದ ಮೊಲಗಳ ಮುಂದೆ ನಿಂತಿದ್ದಳು. ಹಿಮ್ಮಡಿಯೊಂದೇ ನಡುಗಬೇಕು, ಮಂಡಿ ಗಟ್ಟಿ ಇರಬೇಕು.

ಕಾಲು ಅವಳ ಮಾತು ಕೇಳಿತು, ಗಂಟಲು ಕೇಳಲಿಲ್ಲ. ಇಷ್ಟು ವರ್ಷ ಹುಡುಗನ ದನಿ, ಮೊಲದ ದನಿ ತೆಗೆದು ತೆಗೆದು ಗಂಟಲು ಅದೇ ಅಚ್ಚಿಗೆ ಕೂತುಬಿಟ್ಟಿತು. ಸಮಾಧಾನವಾಗಿದ್ದಾಗ ಅವಳದು ಹೆಂಗಸಿನ ದನಿಯೇ, ಸ್ವಲ್ಪ ಒಡಕು ಅಷ್ಟೆ. ಸಿಟ್ಟು ಬಂತೋ, ಸರ್ರನೆ ಮೇಲಕ್ಕೆ ಹೋಗಿ ಮೊಲವಾಗುತ್ತಿತ್ತು. ಗಂಡ ಅದೇ ಮಂದಿರದಲ್ಲಿ ದೀಪದ ಕೆಲಸದವನು, ಕೆಟ್ಟವನಲ್ಲ. ಒಂದು ದಿನ ಆಲೂಗಡ್ಡೆ ಮೂಟೆಯ ವಿಷಯಕ್ಕೆ ಜಗಳ ಹತ್ತಿ, ಇವಳು ಕೂಗಾಡಿದಾಗ ಅವನು ಟೊಪ್ಪಿ ತಿರುಗಿಸುತ್ತ ಹೇಳಿದ:

"ನಿನ್ನ ಜೊತೆ ಜಗಳ ಆಡಕ್ಕೂ ಆಗಲ್ಲ ಕಾಪಾ. ನೀನು ಕಿರುಚಿದ್ರೆ ಯಾರದ್ದೋ ಮಗೂನ ಹೊಡೀತಿದೀನಿ ಅನ್ಸುತ್ತೆ. ಪಕ್ಕದ ಮನೆಯವ್ರು ಗೋಡೆ ಬಡೀತಾರೆ."

"ಹಾಗಾದ್ರೆ ಜಗಳ ಆಡ್ಬೇಡ!" ಅಂದಳು ಇವಳು, ಮೊಲದ ದನಿಯಲ್ಲಿ.

ಅವನು ನಕ್ಕುಬಿಟ್ಟ. ಅವಳಿಗೆ ನಗು ಬರಲಿಲ್ಲ. ವರ್ಷ ತಿರುಗುವುದರೊಳಗೆ ಅವನು ಬೇರೆ ಊರಿನ ಬೇರೆ ಹೆಂಗಸಿನ ಮನೆ ಸೇರಿದ. ಅವಳ ಸಿಟ್ಟನ್ನು ಸಿಟ್ಟು ಎಂದು ಲೆಕ್ಕಕ್ಕೆ ತೆಗೆದುಕೊಂಡವರು ನಮ್ಮೂರಿನಲ್ಲಿ ಒಬ್ಬರೂ ಇರಲಿಲ್ಲ. ಮ್ಯಾನೇಜರನ ಕೋಣೆಗೆ ಹೋಗಿ ಮೇಜು ಗುದ್ದಿದರೆ ಅವನು, "ಅಯ್ಯೋ ನಮ್ಮ ಮುದ್ದು," ಎಂದು ಚಾಕಲೇಟು ಕೊಡುವನು. ಒಂದು ಸಲ, ಒಂದೇ ಒಂದು ಸಲ, ಬೆಳೆದ ಹೆಂಗಸಿನ ಮಾತು ಎಂದು ಜನ ತನ್ನ ಮಾತು ಕೇಳಬೇಕು. ಅವಳ ಒಳಗೆ ಕುದಿಯುತ್ತಿದ್ದ ಆಸೆ ಇದೊಂದೇ.

ಆ ಸಂದರ್ಭ ಬಂತು. ತೊಂಬತ್ತಾರರ ಶರತ್ಕಾಲ. ನಗರಸಭೆಯ ಉಪಮೇಯರ್ ರೊದಿಯೋನ್ ಪಾವ್ಲೊವಿಚ್ ಲಾಪ್ಷೋವ್ ತ್ಯೂಜ್‌ಗೆ ಬಂದ. ಒಳ್ಳೆ ಕೋಟು, ಒಳ್ಳೆ ಹೊಟ್ಟೆ, ಒಳ್ಳೆ ಮಾತು. ಬಂದವನೇ ಕಪಿತೊಲಿನಾಳನ್ನು ಕಂಡು ಎರಡೂ ಕೈ ಚಾಚಿದ.

"ಗುರುತು ಸಿಗ್ಲಿಲ್ವಾ? ನಾನು ರೋದ್ಕಾ! ಎರಡನೇ ಕ್ಲಾಸಲ್ಲಿದ್ದಾಗ ನಿಮ್ಮ ಕುತ್ತಿಗೆಗೆ ಕವಣೇಲಿ ತಂತಿ ಹೊಡೆದೋನು!"

"ಅವತ್ತು ನಿನ್ನ ಕಿವಿ ಹಿಂಡಿದ್ದು ನಾನು. ಸಾಲದಾಗಿತ್ತು ಅಂತ ಈಗ ಗೊತ್ತಾಗ್ತಿದೆ," ಅಂದಳು ನೊನ್ನಾ.

ಲಾಪ್ಷೋವ್ ಹೊಟ್ಟೆ ಕುಣಿಸಿ ನಕ್ಕ. ನಗುತ್ತಲೇ ವಿಷಯ ಹೇಳಿದ. ಕಟ್ಟಡ ಹಳೆಯದು, ಬೀಳುವ ಹಾಗಿದೆ. ತ್ಯೂಜ್ ತಾತ್ಕಾಲಿಕವಾಗಿ ಕಾರ್ಖಾನೆಯ ಸಂಸ್ಕೃತಿ ಭವನಕ್ಕೆ ಹೋಗಲಿ. ಎಷ್ಟು ದೊಡ್ಡ ಸಭಾಂಗಣ, ಎಂಥ ಮೆತ್ತನೆಯ ಕುರ್ಚಿಗಳು! ಈ ಕಟ್ಟಡವನ್ನು ರಿಪೇರಿ ಮಾಡಿಸುವ ಪುಣ್ಯಾತ್ಮನೊಬ್ಬ ಸಿಕ್ಕಿದ್ದಾನೆ. ಪುಣ್ಯಾತ್ಮ ಸೋಫಾ ವ್ಯಾಪಾರಿ ಎಂದು ಊರಿಗೆಲ್ಲ ಆಗಲೇ ಗೊತ್ತಿತ್ತು. ಕಾನೂನಿನ ಪ್ರಕಾರ ಊರಿನವರ ಸಭೆ ಕರೆದು ಒಪ್ಪಿಗೆ ಪಡೆಯಬೇಕು. ಚುನಾವಣೆ ಹತ್ತಿರವಿತ್ತು, ಸಭೆಯಲ್ಲಿ ಗಲಾಟೆಯಾದರೆ ಲಾಪ್ಷೋವ್ ಹಿಂದೆ ಸರಿಯುತ್ತಾನೆ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಪಿಂಚಣಿಯ ಮುದುಕಿಯರು ಹೀಗೇ ಗಲಾಟೆ ಮಾಡಿ ಊರಿನ ಸಾರ್ವಜನಿಕ ಸ್ನಾನದ ಮನೆ ಉಳಿಸಿಕೊಂಡಿದ್ದರು.

ನೊನ್ನಾ ಮತ್ತು ಕಪಿತೊಲಿನಾ ಮೊದಲು ಸಂಸ್ಕೃತಿ ಭವನ ನೋಡಲು ಹೋದರು. ಮೀಟಿಂಗು ನಡೆಸಲೆಂದು ಕಟ್ಟಿದ ಸಭಾಂಗಣ. ನೆಲ ಕಣದ ಹಾಗೆ ಸಪಾಟು. ಕುರ್ಚಿ ಒಂದೊಂದೂ ಫೋರ್‌ಮನ್ನಿನ ಬೆನ್ನಿನಷ್ಟು ಅಗಲ. ನೊನ್ನಾ ವೇದಿಕೆ ಹತ್ತಿದಳು. ಕಪಿತೊಲಿನಾ ಆರನೇ ಸಾಲಿಗೆ ಹೋಗಿ ಕೂತಳು. ಅವಳೇ ಅಳತೆಗೋಲು, ಎಂಟು ವರ್ಷದ ಮಗು ಕೂತಷ್ಟೇ ಎತ್ತರ.

"ನನ್ನ ಹಿಮ್ಮಡಿ ಕಾಣ್ತಾ?" ನೊನ್ನಾ ಕೂಗಿದಳು.

"ಹಿಮ್ಮಡಿ ಇರ್ಲಿ, ನಿನ್ನ ತುರುಬು ಕಾಣ್ತಿದೆ. ತುರುಬಿನ ಪಿನ್ನು ಕಾಣ್ತಿದೆ."

"ಮುಖ?"

"ಇಲ್ಲ."

"ಇಷ್ಟು ಉದ್ದ ಇದೀನಿ, ನನ್ನ ಮುಖಾನೇ ಕಾಣಲ್ವಾ? ನಿನ್ನ ಮೊಲ ಬಂದ್ರೆ ಏನೇ ಕಾಣುತ್ತೆ?"

"ಕಿವಿ," ಅಂದಳು ಕಪಿತೊಲಿನಾ. ಮುಂದಿನ ಕುರ್ಚಿಯ ಬೆನ್ನಿನ ಕಂದು ರೆಕ್ಸಿನ್ ಮೇಲೆ ಯಾರೋ ಪೆನ್ನಿನಿಂದ ಕೆಟ್ಟ ಮಾತೊಂದನ್ನು ಬರೆದಿದ್ದರು. ಮಕ್ಕಳಿಗೆ ಓದಲು ಅದಾದರೂ ಇದೆ ಅಂದುಕೊಂಡಳು.

ಸಭೆಯಲ್ಲಿ ಏನು ಕೇಳಬೇಕೆಂದು ಅಲ್ಲೇ ತೀರ್ಮಾನವಾಯಿತು. ಕಲೆ, ಸಂಸ್ಕೃತಿ, ಪರಂಪರೆ ಏನೂ ಬೇಡ. ಆ ಮಾತುಗಳನ್ನು ಲಾಪ್ಷೋವ್ ಇವರಿಗಿಂತ ಚೆನ್ನಾಗಿ ಆಡುತ್ತಾನೆ. ಒಂದೇ ಪ್ರಶ್ನೆ. ಆರನೇ ಸಾಲಿನಲ್ಲಿ ಕೂತ ಮಗುವಿಗೆ ಏನು ಕಾಣುತ್ತದೆ? ಉತ್ತರ ಗೊತ್ತಿಲ್ಲದಿದ್ದರೆ ಇಳಿದು ಬನ್ನಿ, ಆರನೇ ಸಾಲಿನಲ್ಲಿ ಮಂಡಿಯೂರಿ ನೋಡಿ ಹೇಳಿ. ಉಪಮೇಯರ್ ಊರೆದುರು ಮಂಡಿಯೂರಿದರೂ ಗೆಲುವು, ಊರದೆ ಓಡಿದರೂ ಗೆಲುವು.

"ದನಿ ಕೆಳಗಿಟ್ಕೋ," ಎಂದು ನೊನ್ನಾ ಮತ್ತೆ ಮತ್ತೆ ಹೇಳಿದಳು. "ಹೊಟ್ಟೆಯಿಂದ ಮಾತಾಡು. ಸಿಟ್ಟು ಬಂದ್ರೆ ನಿಲ್ಸು, ನೀರು ಕುಡಿ."

"ಮೂವತ್ತು ವರ್ಷ ವೇದಿಕೆ ಮೇಲಿದೀನಿ. ನಂಗೆ ಮಾತಾಡೋದು ಕಲಿಸ್ತೀಯಾ?"

"ಮೊಲಕ್ಕೆ ಕಲಿಸಲ್ಲ. ನಿಂಗೆ ಕಲಿಸ್ತೀನಿ."

ಕಪಿತೊಲಿನಾ ಮನೆಯಲ್ಲಿ ಕನ್ನಡಿಯ ಮುಂದೆ ತಗ್ಗು ದನಿಯಲ್ಲಿ ಅಭ್ಯಾಸ ಮಾಡಿದಳು. ಹೇಳಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡಳು. ಬೂದುಬಣ್ಣದ ಉಣ್ಣೆಯ ಲಂಗ ಇಸ್ತ್ರಿ ಮಾಡಿದಳು, ಅಕ್ಕನ ಎತ್ತರ ಹಿಮ್ಮಡಿಯ ಬೂಟು ಸಾಲ ತಂದಳು. ಇಷ್ಟು ದಿನ ಒಳಗಿದ್ದ ರಾಣಿಯರಲ್ಲಿ ಒಬ್ಬಳಿಗಾದರೂ ಬಾಗಿಲು ತೆರೆಯಿತು ಅನ್ನಿಸಿರಬೇಕು.

ಸಭೆ ಕರೆದದ್ದು ಅದೇ ಸಂಸ್ಕೃತಿ ಭವನದಲ್ಲಿ. ಜನ ತುಂಬಿದ್ದರು. ಟ್ರ್ಯಾಕ್ಟರ್ ಕಾರ್ಖಾನೆಯವರು, ಮೇಷ್ಟ್ರುಗಳು, ಟ್ರಾಮ್ ಡಿಪೋದ ಹೆಂಗಸರು. ಎಲ್ಲರೂ ಸಿಟ್ಟಿನಲ್ಲೇ ಬಂದಿದ್ದರು. ಸಂಬಳವಿಲ್ಲ, ಬಿಸಿನೀರಿಲ್ಲ, ಈಗ ಮಕ್ಕಳ ನಾಟಕವೂ ಇಲ್ಲವೇ? ಲಾಪ್ಷೋವ್ ವೇದಿಕೆಯ ಮೇಲೆ ಹೂದಾನಿಯ ಹಿಂದೆ ಬೆವರುತ್ತ ಕೂತಿದ್ದ. ಡಿಪೋದವಳೊಬ್ಬಳು ಅವನನ್ನು ಕಳ್ಳ ಎಂದೇ ಕರೆದಳು, ಜನ ಹೂಂಗುಟ್ಟಿದರು. ಕೆಲಸ ಅರ್ಧ ಆಗಿತ್ತು. ಆಗ ಆರನೇ ಸಾಲಿನಿಂದ ಒಂದು ತಗ್ಗು ದನಿ ಬಂತು.

"ನಂದೊಂದು ಪ್ರಶ್ನೆ ಇದೆ."

"ಯಾರದು?" ಲಾಪ್ಷೋವ್ ಕಣ್ಣು ಕಿರಿದು ಮಾಡಿ ನೋಡಿದ. "ದಯವಿಟ್ಟು ಎದ್ದು ನಿಂತು ಮಾತಾಡಿ."

"ನಿಂತೇ ಇದೀನಿ!"

ಜನ ನಕ್ಕರು. ಕೆಟ್ಟ ನಗುವಲ್ಲ. ಆದರೆ ಸಿಟ್ಟಿನಿಂದ ಬಿಗಿದಿದ್ದ ಸಭೆಯ ಮೊದಲ ಗಂಟು ಅಲ್ಲೇ ಸಡಿಲಾಯಿತು. ಆ ಗಲಿಬಿಲಿಯಲ್ಲಿ ಅವಳ ಕೈಯಿಂದ ಹಾಳೆ ಜಾರಿ ನೆಲಕ್ಕೆ ಬಿತ್ತು.

ನಾಟಕದವರಲ್ಲಿ ಒಂದು ನಂಬಿಕೆ ಇದೆ. ಪಾತ್ರದ ಹಾಳೆ ಕೆಳಗೆ ಬಿದ್ದರೆ ಸುಮ್ಮನೆ ಎತ್ತಿಕೊಳ್ಳಬಾರದು. ಎಲ್ಲಿ ಬಿತ್ತೋ ಅಲ್ಲೇ, ಕೆಸರಿರಲಿ ಉಗುಳಿರಲಿ, ಅದರ ಮೇಲೆ ಒಮ್ಮೆ ಕೂತು ಆಮೇಲೆ ಎತ್ತಬೇಕು. ಇಲ್ಲದಿದ್ದರೆ ಪಾತ್ರ ನೆಲಕಚ್ಚುತ್ತದೆ. ಮೂವತ್ತು ವರ್ಷದ ಅಭ್ಯಾಸ, ಅವಳ ಕಾಲು ಅವಳನ್ನು ಕೇಳಲಿಲ್ಲ. ಇಸ್ತ್ರಿ ಮಾಡಿದ ಲಂಗದಲ್ಲಿ, ಸಾವಿರ ಜನರ ನಡುವೆ, ನೆಲದ ಮೇಲಿನ ಹಾಳೆಯ ಮೇಲೆ ದೊಪ್ಪನೆ ಕೂತುಬಿಟ್ಟಳು. ಕುರ್ಚಿಗಳ ಮೇಲೆ ಅಷ್ಟೋ ಇಷ್ಟೋ ಕಾಣುತ್ತಿದ್ದ ತಲೆ ಪೂರ್ತಿ ಮಾಯವಾಯಿತು.

"ಅಯ್ಯೋ, ಎಲ್ಲಿ ಹೋದ್ಲು?"

"ಬಿಲಕ್ಕೆ ಹೋದ್ಲು!" ಯಾರೋ ಕೂಗಿದರು. "ಏ, ಇದು ನಮ್ಮ ಮೊಲ ಕಣ್ರೋ!"

ನಗು ಸಾಲಿಂದ ಸಾಲಿಗೆ ಹರಿಯಿತು. ಮುಂದಿನವರು ತಿರುಗಿದರು, ಹಿಂದಿನವರು ಎದ್ದು ನಿಂತು ಇಣುಕಿದರು. ನೊನ್ನಾ ಅವಳ ರಟ್ಟೆ ಹಿಡಿದು ಎತ್ತಿ ಕುರ್ಚಿಯ ಮೇಲೆ ನಿಲ್ಲಿಸಿದಳು. "ಕೆಳಗೆ," ಎಂದು ಕಿವಿಯಲ್ಲಿ ಹೇಳಿದಳು, "ದನಿ ಕೆಳಗೆ." ಕಪಿತೊಲಿನಾ ಉಸಿರು ಎಳೆದುಕೊಂಡಳು. ತಗ್ಗು ದನಿಯಲ್ಲಿ, ಅಳತೆ ತಪ್ಪದೆ, ಕೇಳಬೇಕಾದ್ದನ್ನು ಕೇಳಿದಳು.

"ರೊದಿಯೋನ್ ಪಾವ್ಲೊವಿಚ್, ಈ ಸಭಾಂಗಣದ ಆರನೇ ಸಾಲಲ್ಲಿ ಕೂತಿರೋ ಮಗುವಿಗೆ ಏನು ಕಾಣುತ್ತೆ? ನಂಗೆ ಉತ್ತರ ಕೊಡಿ."

ಡಿಪೋದವಳು, "ಹೌದಲ್ವಾ, ಏನು ಕಾಣುತ್ತೆ?" ಅಂದಳು. ಲಾಪ್ಷೋವ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. ಅವನ ಬಳಿ ಇದ್ದದ್ದು ಇಪ್ಪತ್ತು ವರ್ಷ ಮೀಟಿಂಗು ನಡೆಸಿದ ಜಾಣತನ. ಎದ್ದು, ವೇದಿಕೆಯ ಅಂಚಿಗೆ ಬಂದು, ಬೆಣ್ಣೆಯಂಥ ದನಿಯಲ್ಲಿ ಹೇಳಿದ.

"ಕಪಿತೊಲಿನಾ ಯೆಗೊರೊವ್ನಾ, ನಮ್ಮಮ್ಮಾ, ನೀವ್ಯಾಕೆ ಹೆದರ್ತೀರಿ? ನಿಮ್ಮನ್ನ ಯಾರೂ ಬೀದಿಗೆ ಹಾಕಲ್ಲ."

ಅವಳು ತನ್ನ ಬಗ್ಗೆ ಕೇಳಿರಲೇ ಇಲ್ಲ. ಮಗುವಿನ ಬಗ್ಗೆ ಕೇಳಿದ್ದಳು. ಇವನು ಅದನ್ನು ಹೊಟ್ಟೆಪಾಡಿನ ಅಳುವಾಗಿ ತಿರುಚಿದ. ಸಿಟ್ಟು ನೆತ್ತಿಗೇರಿತು, ನೆತ್ತಿಗೇರುವಾಗ ಗಂಟಲನ್ನೂ ಎಳೆದುಕೊಂಡು ಹೋಯಿತು.

"ನಾನು ಹೆದರಲ್ಲ!"

ಮೊಲದ ದನಿ. ಅದೇ ಕೀಚಲು, ಅದೇ ಏರು.

ವೆಲ್ಡರುಗಳು, ಕ್ರೇನು ನಡೆಸುವವರು, ಮೇಷ್ಟ್ರುಗಳು, ಟ್ರಾಮಿನ ಹೆಂಗಸರು, ಎರಡನೇ ಕ್ಲಾಸಿನಲ್ಲಿ ತರಚಿದ ಮಂಡಿಯಲ್ಲಿ, ಚಡ್ಡಿಯಲ್ಲಿ ತ್ಯೂಜ್‌ನ ಆ ಮೆಟ್ಟಿಲುಗಳ ಮೇಲೆ ಕೂತಿದ್ದವರೆಲ್ಲ, ಒಂದೇ ಗಂಟಲಿನಿಂದ ಕೂಗಿದರು:

"ಕಾಲು ಹೆದರುತ್ತೆ!"

ಭವನದ ಗಾಜು ಅದುರಿತು. ಜನ ನಕ್ಕರು, ಅತ್ತರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕಳ್ಳ ಎಂದು ಬೈದ ಡಿಪೋದವಳೇ ಕಣ್ಣೊರೆಸಿಕೊಳ್ಳುತ್ತ, "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಚಪ್ಪಾಳೆ ತಟ್ಟಿದಳು. "ಪ್ರಶ್ನೆ! ನನ್ನ ಪ್ರಶ್ನೆ!" ಎಂದು ಕಪಿತೊಲಿನಾ ಕುರ್ಚಿಯ ಮೇಲೆ ನಿಂತು ಕಿರುಚುತ್ತಿದ್ದಳು. ಕಿರುಚಿದಷ್ಟೂ ಮೊಲವಾಗುತ್ತಿದ್ದಳು, ಮೊಲವಾದಷ್ಟೂ ಚಪ್ಪಾಳೆ ಜೋರಾಗುತ್ತಿತ್ತು. ಲಾಪ್ಷೋವ್‌ಗೆ ನಿಜಕ್ಕೂ ಕಣ್ಣಲ್ಲಿ ನೀರು ಬಂದಿತ್ತು; ಅದು ನಾಟಕವಲ್ಲ, ಅದೇ ಇದರಲ್ಲಿನ ಹೊಲಸು. ಹೂದಾನಿಯಿಂದ ಕಾರ್ನೇಷನ್‌ಗಳನ್ನು ನೀರು ಸೋರುವ ಹಾಗೇ ಬಾಚಿ, ಇಳಿದು ಬಂದು, ಅವಳ ತೋಳಿಗೆ ತುರುಕಿ, ಕೈಗೆ ಮುತ್ತಿಟ್ಟ. ಜನರ ಕಡೆ ತಿರುಗಿ, "ಇಂಥ ಮೊಲಕ್ಕೆ ಮೆತ್ತನೆ ಕುರ್ಚಿ ಬೇಡ್ವಾ? ದೊಡ್ಡ ಭವನ ಬೇಡ್ವಾ?" ಅಂದ. "ಬೇಕು!" ಅಂದಿತು ಊರು. ಕೈಗಳು ಎದ್ದವು. ಸಭೆ ಬರಖಾಸ್ತಾಯಿತು.

ಹೊರಗೆ ಟ್ರಾಮಿಗೆ ಕಾಯುತ್ತ ನೊನ್ನಾ ಆ ಹೂಗಳನ್ನು ಎಣಿಸಿದಳು. ಬದುಕಿರುವವರಿಗೆ ಬೆಸ, ಸತ್ತವರಿಗೆ ಸಮ. ಹೂವಿನ ಈ ಲೆಕ್ಕ ನಮ್ಮಲ್ಲಿ ಕೂಸುಗಳಿಗೂ ಗೊತ್ತು.

"ಎಂಟು," ಅಂದಳು. "ನಾಯಿನನ್ಮಗ, ಹೆಣಕ್ಕೆ ಕೊಡೋ ಹಾಗೆ ಕೊಟ್ಟಿದಾನೆ. ಒಂದು ಕಿತ್ತು ಬಿಸಾಕ್ಲಾ?"

"ಬೇಡ," ಅಂದಳು ಕಪಿತೊಲಿನಾ. "ಸರಿಯಾಗೇ ಎಣಿಸಿದಾನೆ." ಆಗ ಅವಳ ದನಿ ತಗ್ಗಿನಲ್ಲಿತ್ತು, ಗಟ್ಟಿಯಾಗಿತ್ತು, ರಾಣಿಯ ದನಿಯ ಹಾಗೇ ಇತ್ತು. ಕೇಳಲು ಟ್ರಾಮ್ ನಿಲ್ದಾಣದಲ್ಲಿ ನೊನ್ನಾ ಬಿಟ್ಟರೆ ಒಂದು ನಾಯಿ ಇತ್ತು.

ತಾತ್ಕಾಲಿಕ ಎಂಬುದು ಇವತ್ತಿಗೂ ಮುಗಿದಿಲ್ಲ. ಲಾಯದ ಕಟ್ಟಡದಲ್ಲಿ ಸೋಫಾ ಅಂಗಡಿ ಬಂತು. ವ್ಯಾಪಾರಿ ನೆಲ ಸಮ ಮಾಡಿಸಲು ಮೇಸ್ತ್ರಿಯನ್ನು ಕರೆಸಿದ. ಮೆಟ್ಟಿಲು ಕೀಳಲು ಶುರುಮಾಡಿ, ಅರ್ಧದಲ್ಲಿ ನಿಲ್ಲಿಸಿದ. ಉಳಿದ ಮೆಟ್ಟಿಲಿಗೆ ಒಂದೊಂದು ಸೋಫಾ ಇಟ್ಟರೆ ಬಾಗಿಲಲ್ಲಿ ನಿಂತ ಗಿರಾಕಿಗೆ ಕಡೆಯ ಸೋಫಾದ ಕಾಲೂ ಕಾಣುತ್ತದೆ ಎಂದು ಅವನಿಗೆ ಹೊಳೆಯಿತು. ಗುರ್ಫಿಂಕೆಲ್ ಮಕ್ಕಳಿಗೆಂದು ಇಡಿಸಿದ ಇಟ್ಟಿಗೆ ಸೋಫಾಗಳಿಗೆ ಚೆನ್ನಾಗಿ ಒದಗಿತು.

ಭವನದಲ್ಲಿ ಏನಾಗಬೇಕಿತ್ತೋ ಅದೇ ಆಯಿತು. ಕಾಣದ ಮಕ್ಕಳು ಕುರ್ಚಿಯ ಮೇಲೆ ನಿಂತರು, ಮೇಷ್ಟ್ರುಗಳು ಎಳೆದು ಕೂರಿಸಿದರು, ಕೂತ ಮಕ್ಕಳು ಮಾತಾಡತೊಡಗಿದರು, ನಟರು ಕಿರುಚತೊಡಗಿದರು. ಈಗಿನ ಮಕ್ಕಳಿಗೆ ನಾಟಕ ಬೇಡ, ಟಿವಿ ಸಾಕು ಎಂದು ಪತ್ರಿಕೆಯಲ್ಲಿ ಬರೆದರು. ಎರಡನೇ ಚಳಿಗಾಲ, ಹೊಸವರ್ಷದ ರಜೆಯಲ್ಲಿ ಒಂದು ಬೆಳಗಿನ ಆಟ. ತೋಳ ಬಂತು, ಕಪಿತೊಲಿನಾ ಎದೆಯುಬ್ಬಿಸಿ, "ನಾನು ಹೆದರಲ್ಲ!" ಅಂದಳು. ಹಿಮ್ಮಡಿ ಚೆನ್ನಾಗೇ ನಡುಗಿತು. ಮೊದಲೆರಡು ಸಾಲಿನಿಂದ ಕೂಗು ಬಂತು. ಅದರ ಹಿಂದೆ ಏನೂ ಇಲ್ಲ. ಕತ್ತಲಲ್ಲಿ ಚಿಪ್ಸ್ ಪೊಟ್ಟಣದ ಪರಪರ, ಒಂದು ಮಗುವಿನ ದನಿ: "ಮಿಸ್, ಈಗ ಏನಾಯ್ತು?" ಅವಳು ಆಟ ಮುಗಿಸಿ, ಎದೆಯ ಬಟ್ಟೆ ಬಿಚ್ಚಿ, ಮಡಿಸಿ ಮೇಜಿನ ಮೇಲಿಟ್ಟು ಹೊರಗೆ ಬಂದಳು. ಮತ್ತೆ ಬಿಗಿಯಲಿಲ್ಲ. ಕೆಲವು ವರ್ಷಕ್ಕೆ ತ್ಯೂಜ್ ಅನ್ನುವ ಹಲಗೆಯನ್ನೂ ಇಳಿಸಿದರು. ನೊನ್ನಾ ಅದನ್ನು ನೋಡುವ ಮೊದಲೇ ಹೋದಳು. ಅವಳ ಮಣ್ಣಿಗೆ ಕಪಿತೊಲಿನಾ ಎಂಟು ಕಾರ್ನೇಷನ್ ಇಟ್ಟಳು.

ಈಗ ಅವಳು ಮಾರುಕಟ್ಟೆಯ ಎದುರಿನ ಒಂದು ಕೋಣೆಯಲ್ಲಿದ್ದಾಳೆ, ಕೈಯಲ್ಲಿ ಊರುಗೋಲು. ಮೀನಿನವಳಿಂದ ಹಿಡಿದು ಔಷಧಿ ಅಂಗಡಿಯವನ ತನಕ ಎಲ್ಲರೂ ಅವಳನ್ನು ಕಂಡರೆ ಮುಖ ಅರಳಿಸುತ್ತಾರೆ. ಮೀನಿನವಳು ತೂಕದ ಮೇಲೆ ಒಂದು ಹಿಡಿ ಸಣ್ಣಮೀನು ಹೆಚ್ಚು ಹಾಕಿ, ಕಣ್ಣು ಮಿಟುಕಿಸಿ, "ಏನಜ್ಜಿ, ಕಾಲು ಹೆದರುತ್ತಾ?" ಅನ್ನುತ್ತಾಳೆ.

ಅಜ್ಜಿ ಮೀನು ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಹೊಟ್ಟೆಯಿಂದ, ತಗ್ಗು ದನಿಯಲ್ಲಿ ಕೇಳುತ್ತಾಳೆ: "ಆರನೇ ಸಾಲಿನ ಮಗುವಿಗೆ ಏನು ಕಾಣುತ್ತೆ?"

"ಪಾಪ, ತಲೆ ಹೋಗಿದೆ," ಎಂದು ಮೀನಿನವಳು ಪಕ್ಕದವಳಿಗೆ ಹೇಳುತ್ತಾಳೆ.

ತಲೆ ಹೋಗಿಲ್ಲ. ಬಾಕಿ ವಸೂಲಿಗೆ ನಿಂತಿದ್ದಾಳೆ. ಊರಂತೂ ಕೊಡಲಿಲ್ಲ, ನೀವು ಕೊಡಿ. ಇದನ್ನು ಓದಿ ಅಯ್ಯೋ ಪಾಪ ಅನ್ನಲು ಬಾಯಿ ತೆರೆದಿದ್ದರೆ ಮುಚ್ಚಿ. ಅವಳಿಗೆ ಅಯ್ಯೋ ಪಾಪದ ಕೊರತೆ ಎಂದೂ ಇರಲಿಲ್ಲ. ನಿಮ್ಮ ಊರಿನಲ್ಲಿ ಮಕ್ಕಳನ್ನು ಸಾಲಾಗಿ ಕರೆದೊಯ್ದು ಕೂರಿಸುವ ಸಭಾಂಗಣ ಒಂದಿರುತ್ತದಲ್ಲ, ಅಲ್ಲಿಗೆ ಹೋಗಿ. ಆರನೇ ಸಾಲಿಗೆ ನಡೆಯಿರಿ. ಕುರ್ಚಿಯ ಮೇಲೆ ಕೂರಬೇಡಿ, ಅದರ ಮುಂದೆ ಮಂಡಿಯೂರಿ. ವೇದಿಕೆಯ ಮೇಲೆ ಯಾರನ್ನಾದರೂ ಬರಿಗಾಲಲ್ಲಿ ನಿಲ್ಲಿಸಿ, ನೋಡಿ. ಹಿಮ್ಮಡಿ ಕಾಣುತ್ತದೆಯೋ ಇಲ್ಲವೋ? ಚಪ್ಪಾಳೆ ಬೇಡ, ಹೂವು ಬೇಡ. ಉತ್ತರ ಹೇಳಿ.